ಕ್ಯಾಂಪಿನ ಮ್ಯಾಚ್ ಹೋಟೆಲ್: ಗಿರ್ಮಿಟ್ ಚಲೋ, ಹಾಡಿನ ಜಗಳ ಇನ್ನೂ ಚಲೋ

ಬೆಳಗಾವಿಯಲ್ಲಿ ನಾಲ್ಕು ಜನರ ಜೊತೆ ಕೂತು ಫುಟ್‌ಬಾಲ್ ನೋಡೋಕೆ ಒಳ್ಳೆ ಜಾಗ ಎಲ್ಲಿದೆ ಅಂತ ಯಾರು ಕೇಳಿದರೂ ನಾನು ಹೇಳೋದು ಒಂದೇ ಜಾಗ. ಕ್ಯಾಂಪಿನಲ್ಲಿ, ಖಾನಾಪುರ ರಸ್ತೆ ಬಿಟ್ಟು ಒಳಗೆ ತಿರುಗಿದರೆ, ಹಳೆ ಹಂಚಿನ ಮನೆಯ ಮುಂಭಾಗದಲ್ಲಿ ನಡೆಯುವ ಸಣ್ಣ ಹೋಟೆಲ್. ಬೋರ್ಡ್ ಇಲ್ಲ. ನಾನೂ ಹೆಸರು ಹಾಕುತ್ತಿಲ್ಲ, ಯಾಕಂದ್ರೆ ಕೇಳಿದಾಗ ಮಾಲೀಕರು, ನಾವೆಲ್ಲ ಕಾಕಾ ಅನ್ನೋರು, "ಹೆಸರ ಹಾಕಬ್ಯಾಡವಾ, ಈಗ ಬರೂ ಮಂದಿಗೇ ಕುಂದ್ರಾಕ ಜಾಗಾ ಸಾಲವಲ್ದು" ಅಂದರು. ಮ್ಯಾಚ್ ಇರೋ ಸಂಜೆ ಆ ಕಡೆ ಹೋಗಿ. ಕೂಗಾಟ ಯಾವ ಮನೆಯಿಂದ ಬರುತ್ತೋ ಅದೇ.

ಜಾಗ ದೊಡ್ಡದಲ್ಲ. ಇಪ್ಪತ್ತೈದು ಜನ ಆರಾಮಾಗಿ ಕೂರಬಹುದು, ದೊಡ್ಡ ಮ್ಯಾಚ್ ಅಂದ್ರೆ ನಲವತ್ತು ಜನ ತುಂಬಿರುತ್ತಾರೆ. ಒಂದು ಗೋಡೆಗೆ ಬಿಳಿ ಬಣ್ಣ ಬಳಿದು ಅದರ ಮೇಲೆ ಪ್ರೊಜೆಕ್ಟರ್ ಬಿಡುತ್ತಾರೆ. ಚಿತ್ರ ಚೆನ್ನಾಗೇ ಇದೆ, ಆದರೆ ಬಾಗಿಲು ತೆಗೆದಾಗಲೆಲ್ಲ ಬೀದಿ ದೀಪದ ಬೆಳಕು ಬಿದ್ದು ಎಡಗಡೆಯ ಕಾರ್ನರ್ ಪೂರ್ತಿ ಮಾಯ. ಕಾರ್ನರ್ ಕಿಕ್ ಹೊತ್ತಿಗೆ ಯಾರಾದರೂ ಒಳಗೆ ಬಂದರೆ ನಲವತ್ತು ಜನ ಒಟ್ಟಿಗೆ "ಬಾಗಲಾ ಹಾಕ್ರೋ" ಅಂತ ಕಿರುಚುತ್ತಾರೆ. ಒಂದು ದಪ್ಪ ಪರದೆ ಕಟ್ಟಿದರೆ ಮುಗೀತು. ಹೇಳಿದ್ದೇನೆ, ಕಟ್ಟುತ್ತಾರೆ ಅಂತ ನಂಬಿದ್ದೇನೆ.

ಇನ್ನೊಂದು ತೊಂದರೆ ಇಂಟರ್ನೆಟ್ಟಿನದು. ಮ್ಯಾಚ್ ಬರೋದು ಆ್ಯಪ್‌ನಿಂದ. ಮೈದಾನದ ಚಿತ್ರ ನಮ್ಮ ಗೋಡೆಗೆ ಬರೋಷ್ಟರಲ್ಲಿ ಅದನ್ನ ಕುಗ್ಗಿಸಿ, ತುಂಡು ಮಾಡಿ, ಒಂದಿಷ್ಟು ಕೂಡಿಟ್ಟುಕೊಂಡು ಬಿಡುತ್ತಾರೆ, ಹಾಗಾಗಿ ಎಷ್ಟೋ ಸೆಕೆಂಡ್ ತಡ. ಸ್ಕೋರ್ ಹೇಳುವ ಆ್ಯಪ್‌ಗೆ ಆ ಕಷ್ಟ ಇಲ್ಲ, ಒಂದು ಸಾಲು ಕಳಿಸಿದರೆ ಸಾಕು. ಅಂದ್ರೆ ಗೋಡೆ ಮೇಲೆ ಚೆಂಡು ಇನ್ನೂ ಮಿಡ್‌ಫೀಲ್ಡ್‌ನಲ್ಲಿ ಇರುವಾಗಲೇ ಯಾರದೋ ಜೇಬಲ್ಲಿ ಫೋನ್ ಟಣ್ ಅನ್ನುತ್ತೆ, ಗೋಲ್ ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತೆ. ಇದಕ್ಕೆ ಇಲ್ಲಿ ಕಟ್ಟುನಿಟ್ಟಿನ ಕ್ರಮ ಇದೆ: ಒಳಗೆ ಬಂದ ಕೂಡಲೇ ನೋಟಿಫಿಕೇಶನ್ ಬಂದ್ ಮಾಡಬೇಕು, ಇಲ್ಲಾಂದ್ರೆ ಫೋನು ಗಲ್ಲಾಪೆಟ್ಟಿಗೆ ಪಕ್ಕದ ಸ್ಟೀಲ್ ಡಬ್ಬಿಗೆ. ನನಗೆ ಇದು ಬಹಳ ಇಷ್ಟ.

ಆದರೆ ಈ ಜಾಗಕ್ಕೆ ಜನ ಹಟ ಹಿಡಿದು ಬರೋದು ಬೇರೆ ಕಾರಣಕ್ಕೆ. ಗೆದ್ದ ತಂಡದ ಕಡೆಯವರು ಮ್ಯಾಚ್ ಮುಗಿದ ಮೇಲೆ ಮೂರು ಹಾಡು ಹಾಕಿಸಬಹುದು. ಸೋತವರು ಎದ್ದು ಹೋಗೋ ಹಾಗಿಲ್ಲ, ಮೂರೂ ಕೇಳಿಯೇ ಹೋಗಬೇಕು. ಹಾಡು ಆ ತಂಡದ ಊರಿನ ಬ್ಯಾಂಡಿನದೋ ಹಾಡುಗಾರರದೋ ಆಗಿರಬೇಕು. ಡ್ರಾ ಆದರೆ ಆಯ್ಕೆ ಕಾಕಾನದು, ಅವರು ಯಾವಾಗಲೂ ಹಾಕೋದು ಕುಮಾರ ಗಂಧರ್ವರ ಕಬೀರ ಭಜನೆ. ನಮ್ಮ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದವರು ಅಂತ ಪ್ರತಿ ಸಲ ಹೇಳಿಯೇ ಹಾಕುತ್ತಾರೆ.

ಊರಿನ ಬ್ಯಾಂಡೇ ಆಗಬೇಕು ಅನ್ನೋ ಆ ಒಂದು ಮಾತು ಇದೆಯಲ್ಲ, ಅದೇ ಎಲ್ಲ ಜಗಳಕ್ಕೂ ಮೂಲ. ಯಾರು ಯಾವ ಊರಿನವರು, ಯಾವ ಹಾಡು ಯಾರಿಗೆ ಸೇರಿದ್ದು?

ಮ್ಯಾಂಚೆಸ್ಟರ್‌ನಿಂದಲೇ ಹೇಳುತ್ತೇನೆ, ಯಾಕಂದ್ರೆ ಆ ಊರಿಗೆ ಯುನೈಟೆಡ್, ಸಿಟಿ ಅಂತ ಎರಡು ತಂಡ, ಇಲ್ಲಿ ಯುನೈಟೆಡ್ ಮಂದಿಯೇ ಜಾಸ್ತಿ. ಒಂದು ಶನಿವಾರ ಯುನೈಟೆಡ್ ಗೆದ್ದಾಗ ಟಿಳಕವಾಡಿಯ ಹುಡುಗನೊಬ್ಬ ಆ ಊರಿನ ಗ್ಯಾಲಗರ್ ಸೋದರರ ಬ್ಯಾಂಡು ಓಯಸಿಸ್ ಹಾಕಿಸೋಕೆ ಎದ್ದ. 2009ರಲ್ಲಿ ಬೇರೆಯಾದ ಅಣ್ಣತಮ್ಮಂದಿರು 2025ರ ಜುಲೈನಲ್ಲಿ ಕಾರ್ಡಿಫ್‌ನಲ್ಲಿ ಮತ್ತೆ ಒಂದೇ ವೇದಿಕೆ ಹತ್ತಿದ ಮೇಲಂತೂ ಅವನ ಬಾಯಲ್ಲಿ ಬೇರೆ ಹೆಸರೇ ಇಲ್ಲ. ತಕ್ಷಣ ಸಿಟಿ ಕಡೆಯ ಇಬ್ಬರು ಅಡ್ಡ ನಿಂತರು.

"ಲೇ, ಊರ ಒಂದೇ ಐತಿ ಅಂದ ಮ್ಯಾಲ ಹಾಡ ಇಬ್ಬರದೂ ಆಗ್ತೈತಿ" ಅಂತ ಇವನು.

"ಊರ ಒಂದೇ ಇರಬಹುದು. ಅಣ್ಣತಮ್ಮ ಇಬ್ಬರೂ ಯಾವ ತಂಡದವರು? ಅದನ್ನ ಹೇಳ ಮೊದಲ."

ಗ್ಯಾಲಗರ್ ಸೋದರರು ಸಿಟಿ ಅಭಿಮಾನಿಗಳು ಅನ್ನೋದು ಜಗತ್ತಿಗೇ ಗೊತ್ತು. 1996ರಲ್ಲಿ ಸಿಟಿಯ ಆಗಿನ ಮೈದಾನ ಮೇನ್ ರೋಡ್‌ನಲ್ಲೇ ಅವರ ದೊಡ್ಡ ಕಾರ್ಯಕ್ರಮ ಆಗಿತ್ತು. ಕಾಕಾ ಎರಡೂ ಕಡೆ ಕೇಳಿ ತೀರ್ಮಾನ ಕೊಟ್ಟರು: ಒಂದೇ ಊರಲ್ಲಿ ಎರಡು ತಂಡ ಇದ್ದರೆ ಬ್ಯಾಂಡಿನವರು ಯಾವ ಕಡೆ ಅಂತ ನೋಡಬೇಕು. ಯುನೈಟೆಡ್‌ಗೆ ಸ್ಟೋನ್ ರೋಸಸ್ ಸಿಕ್ಕಿತು. ಅದರ ಬೇಸ್ ಗಿಟಾರಿನ ಮ್ಯಾನಿ, 2025ರಲ್ಲಿ ತೀರಿಕೊಂಡರು, ಯುನೈಟೆಡ್‌ನ ಕಟ್ಟಾ ಅಭಿಮಾನಿ ಆಗಿದ್ದರು, ಯುನೈಟೆಡ್ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ಆಟಗಾರರು ಮೈದಾನಕ್ಕೆ ಬರುವಾಗ ಹಾಕೋದೂ ಆ ಬ್ಯಾಂಡಿನ ಹಾಡೇ. ನ್ಯಾಯವಾದ ತೀರ್ಪು ಅಂತ ನನಗೆ ಅನ್ನಿಸಿತು. ಟಿಳಕವಾಡಿ ಹುಡುಗ ಇವತ್ತಿಗೂ ಒಪ್ಪಿಲ್ಲ.

ಈ ತೀರ್ಪು ಮುಂದೆ ಲಿವರ್‌ಪೂಲ್‌ನವರಿಗೆ ತಿರುಗಿ ಬಡಿಯಿತು. ಬೀಟಲ್ಸ್‌ನ ನಾಲ್ವರೂ ಹುಟ್ಟಿದ್ದು ಲಿವರ್‌ಪೂಲ್‌ನಲ್ಲಿ, ಹಾಗಾಗಿ ಅವರಿಗೆ ಚಿಂತೆಯೇ ಇರಲಿಲ್ಲ. ಆದರೆ ಆ ಊರಲ್ಲೂ ಎರಡು ತಂಡ. ಇಲ್ಲಿಗೆ ಬರೋ ಒಬ್ಬರೇ ಒಬ್ಬರು ಎವರ್ಟನ್ ಅಭಿಮಾನಿ, ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಮೂಲೆಯಲ್ಲಿ ಕೂತು ಚಹಾ ಕುಡಿಯೋದು ಬಿಟ್ಟರೆ ಮಾತೇ ಆಡದವರು, ಅವತ್ತು ಎದ್ದು ನಿಂತು "ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಮನೆಯವರು ಎವರ್ಟನ್ ಕಡೆಯವರು, ಕಾಕಾ" ಅಂದರು. ಎಲ್ಲರೂ ಸುಮ್ಮನಾದರು. ಆಮೇಲೆ ಒಬ್ಬ ಫೋನಿನಲ್ಲಿ ಬೀಟಲ್ಸ್‌ನ 1967ರ ಆ ಪ್ರಸಿದ್ಧ ಆಲ್ಬಮ್ ಹೊದಿಕೆ ತೆಗೆದು, ಹಿಂದೆ ನಿಂತಿರುವ ಅಷ್ಟೊಂದು ಮುಖಗಳಲ್ಲಿ ಲಿವರ್‌ಪೂಲ್ ಆಟಗಾರ ಆಲ್ಬರ್ಟ್ ಸ್ಟಬಿನ್ಸ್ ಮುಖ ಹುಡುಕಿ ತೋರಿಸಿದ. ಇಷ್ಟು ಒಳ್ಳೆ ವಾದ ನಾನು ಟಿವಿ ಚರ್ಚೆಗಳಲ್ಲಿ ಕೇಳಿಲ್ಲ. ಕೊನೆಗೆ ಬೀಟಲ್ಸ್ ಇಬ್ಬರಿಗೂ ಅಂತ ಆಯಿತು.

"ಯೂ ವಿಲ್ ನೆವರ್ ವಾಕ್ ಅಲೋನ್" ಬಗ್ಗೆಯೂ ಒಮ್ಮೆ ರಾತ್ರಿ ಹನ್ನೊಂದರವರೆಗೆ ಜಗಳ ನಡೆದಿದೆ. ಅದು ಹುಟ್ಟಿದ್ದು ಅಮೆರಿಕದಲ್ಲಿ, 1945ರ ಒಂದು ಸಂಗೀತ ನಾಟಕಕ್ಕೆ. ಲಿವರ್‌ಪೂಲ್‌ನ ಜೆರಿ ಅಂಡ್ ದ ಪೇಸ್‌ಮೇಕರ್ಸ್ ಅದನ್ನ ಹಾಡಿದ್ದು 1963ರಲ್ಲಿ, ಅಲ್ಲಿಂದ ಲಿವರ್‌ಪೂಲ್ ತಂಡದ ಮೈದಾನ ಆನ್‌ಫೀಲ್ಡ್‌ನ ಗ್ಯಾಲರಿ ಅದನ್ನ ಹಿಡಿದುಕೊಂಡಿತು. ಸ್ಕಾಟ್ಲೆಂಡಿನ ಸೆಲ್ಟಿಕ್‌ನವರೂ ಹಾಡುತ್ತಾರೆ, ಜರ್ಮನಿಯ ಡಾರ್ಟ್‌ಮಂಡ್‌ನವರೂ ಹಾಡುತ್ತಾರೆ. "ಬ್ಯಾರೆಯವರ ಹಾಡ ತಂದು ನಮ್ದು ಅಂತೀರಿ" ಅಂತ ಯುನೈಟೆಡ್ ಹುಡುಗರು ಕಿಚಾಯಿಸಿದರು. ನನ್ನ ಮಾತು ಇಷ್ಟೇ: ಒಂದು ಊರು ಒಂದು ಹಾಡನ್ನ ಅರವತ್ತು ವರ್ಷ ಗಂಟಲು ಬಿಚ್ಚಿ ಹಾಡಿದೆ ಅಂದ್ರೆ ಅದು ಆ ಊರಿನದೇ, ಬರೆದವರು ಎಲ್ಲಿಯವರಾದರೇನು.

ಖಾನಾಪುರದಿಂದ ಬರುವ ಒಬ್ಬ ಮೇಷ್ಟ್ರು ಇದ್ದಾರೆ. ಲಿವರ್‌ಪೂಲ್‌ಗೂ ಮ್ಯಾಂಚೆಸ್ಟರ್‌ಗೂ ಯಾಕೆ ಇಷ್ಟು ಹಗೆ ಅಂತ ಯಾರೋ ಕೇಳಿದ್ದಕ್ಕೆ ಅವರು ಹಾಫ್‌ಟೈಮ್ ಪೂರ್ತಿ ಕಾಲುವೆ ಕಥೆ ಹೇಳಿದರು. ಲಿವರ್‌ಪೂಲ್ ಬಂದರಿನ ಸುಂಕ ಕಟ್ಟಿ ಸಾಕಾಗಿ ಮ್ಯಾಂಚೆಸ್ಟರ್‌ನವರು ಸಮುದ್ರದಿಂದ ತಮ್ಮ ಊರಿಗೇ ಹಡಗು ಬರೋ ಹಾಗೆ ಕಾಲುವೆ ತೋಡಿದರು, 58 ಕಿಲೋಮೀಟರ್ ಉದ್ದ, 1894ರಲ್ಲಿ ತೆರೆಯಿತು. ಅದಕ್ಕೇ ಯುನೈಟೆಡ್ ಮತ್ತು ಸಿಟಿ ಎರಡರ ಲಾಂಛನದಲ್ಲೂ ಹಡಗು ಅಂತ ಒಬ್ಬ ಹುಡುಗ ಸೇರಿಸಿದ. ಮೇಷ್ಟ್ರು ತಿದ್ದಿದರು: ಹಡಗು ಕಾಲುವೆಗಿಂತ ಹಳೆಯದು, 1842ರ ನಗರ ಲಾಂಛನದಲ್ಲೇ ಇತ್ತು.

ಕಾಲುವೆ ಅಂದ ಮೇಲೆ ಬೆಳಗಾವಿಯಲ್ಲಿ ಮಾತು ಎಲ್ಲಿಗೆ ಹೋಗುತ್ತೆ ಅಂತ ನಿಮಗೆ ಗೊತ್ತೇ ಇದೆ ಅಲ್ವಾ? ಇಲ್ಲಿ ಇಂಜಿನಿಯರಿಂಗ್ ಓದೋಕೆ ಮಡಗಾಂವ್‌ನಿಂದ ಬಂದ ಹುಡುಗರ ಒಂದು ಬೆಂಚೇ ಇದೆ. ಅವರ ಕಡೆ ತಿರುಗಿ ಗೋಕಾಕದ ಹುಡುಗ "ಅವರ ಕಾಲುವೆ ಬಿಡ್ರಿ, ನಮ್ಮ ಕಳಸಾ-ಬಂಡೂರಿ ಯಾವಾಗ ಬಿಡ್ತೀರಿ?" ಅಂದ. ಮಹದಾಯಿ ಹುಟ್ಟೋದು ನಮ್ಮ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ, ಹರಿದು ಹೋಗೋದು ಗೋವಾಕ್ಕೆ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟಿದ್ದು 13.42 ಟಿಎಂಸಿ, ಗೋವಾಕ್ಕೆ 24. ಮಡಗಾಂವ್ ಹುಡುಗ ಅರೆಬರೆ ಕನ್ನಡದಲ್ಲೇ "ನೀರು ಕೊಟ್ಟರೆ ಚೆಟ್ರಿ ಕೊಡ್ತೀರಾ?" ಅಂತ ಬೆಂಗಳೂರು ಎಫ್‌ಸಿ ಆಟಗಾರನನ್ನೇ ಕೇಳಿದ. ಇಡೀ ಹೋಟೆಲ್ ನಕ್ಕಿತು. ಹೊರಗೆ ಇದೇ ವಿಷಯಕ್ಕೆ ರಸ್ತೆ ಬಂದ್ ಆಗೋದನ್ನ ಬಾಲ್ಯದಿಂದ ನೋಡಿದವಳು ನಾನು. ಇಲ್ಲಿ ಇಬ್ಬರೂ ಒಂದೇ ಪ್ಲೇಟಿನ ಮಿರ್ಚಿ ಭಜಿ ತಿನ್ನುತ್ತಾ ಅದನ್ನೇ ಮಾತಾಡುತ್ತಾರೆ, ನಿಜವಾಗಿ ಮಾತಾಡುತ್ತಾರೆ.

ಬೆಂಗಳೂರು ಎಫ್‌ಸಿ ಮತ್ತು ಎಫ್‌ಸಿ ಗೋವಾ ಮ್ಯಾಚ್ ದಿನ ಈ ಹೋಟೆಲ್‌ನ ಹಬ್ಬ. ನಾನು ಬೆಂಗಳೂರಿನ ಕಡೆ. ನಮ್ಮ ಓಣಿಯ ಅರ್ಧ ಜನ ಗೋವಾ ಕಡೆ, ಅವರ ವಾದವೂ ಸುಲಭಕ್ಕೆ ತಳ್ಳಿಹಾಕೋ ಥರದ್ದಲ್ಲ. ಒಬ್ಬರು ನನಗೆ ಹೇಳಿದ್ದು: "ಬೆಂಗಳೂರು ಐನೂರು ಕಿಲೋಮೀಟರ್ ದೂರ ಐತಿ. ಗೋವಾದವರ ಮೈದಾನ ಫತೋರ್ಡಾಕ್ಕ ನಾ ಬೈಕ್ ಮ್ಯಾಲ ಹೋಗಿ ಮ್ಯಾಚ್ ನೋಡಿ ರಾತ್ರಿನೇ ಮನಿಗೆ ಬರ್ತೇನಿ. ಯಾವುದು ನನ್ನ ತಂಡ ಆಗಬೇಕು, ನೀವೇ ಹೇಳ್ರಿ ತಂಗಿ." ದಾರಿ ಲೆಕ್ಕದಲ್ಲಿ ಅವರು ಸರಿ. ಆದರೂ 2019ರ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಗೋವಾ ಎದುರು 117ನೇ ನಿಮಿಷಕ್ಕೆ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲು ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಂ ಅನ್ನುತ್ತೆ. ದೂರದ ಮಾತು ಅಲ್ಲಿಗೆ ಮುಗಿಯುತ್ತೆ.

2025ರ ಏಪ್ರಿಲ್ ಸೆಮಿಫೈನಲ್ ರಾತ್ರಿಯಂತೂ ಹೇಳಲೇಬೇಕು. ಎರಡು ಮ್ಯಾಚಿನ ಗೋಲು ಕೂಡಿಸಿ ನೋಡುವ ಆಟ ಅದು. ಮೊದಲನೇದನ್ನ ಬೆಂಗಳೂರಿನಲ್ಲಿ ನಾವು 2-0 ಗೆದ್ದಿದ್ದೆವು. ಎರಡನೇದು ಫತೋರ್ಡಾದಲ್ಲಿ. ಗೋವಾ ಎರಡು ಗೋಲು ಹೊಡೆದು ಲೆಕ್ಕ ಸಮ ಮಾಡಿತು. ಮಡಗಾಂವ್ ಬೆಂಚು ಮೇಜಿನ ಮೇಲೆ ಹತ್ತಿತ್ತು. ಇನ್ನೇನು ಎಕ್ಸ್‌ಟ್ರಾ ಟೈಮ್ ಅನ್ನುವಾಗ, 92ನೇ ನಿಮಿಷಕ್ಕೆ, ನಲವತ್ತು ವರ್ಷದ ಸುನಿಲ್ ಚೆಟ್ರಿ ತಲೆ ಕೊಟ್ಟು ಗೋಲು ಹೊಡೆದ. ಆ ಸದ್ದು ಹೇಗಿತ್ತು ಅಂದ್ರೆ ಎದುರು ಮನೆಯ ಅಜ್ಜಿ ಏನಾಯಿತು ಅಂತ ಬಾಗಿಲಿಗೆ ಬಂದರು. ಮ್ಯಾಚ್ ಗೋವಾಕ್ಕೆ 2-1, ಒಟ್ಟು ಲೆಕ್ಕದಲ್ಲಿ 3-2 ಅಂತ ಬೆಂಗಳೂರು ಫೈನಲ್‌ಗೆ.

ಈಗ ಹಾಡು ಯಾರದು? ಅವತ್ತಿನ ಮ್ಯಾಚ್ ಗೆದ್ದವರು ನಾವು ಅಂತ ಗೋವಾದವರು. ಫೈನಲ್‌ಗೆ ಹೋದವರು ನಾವು ಅಂತ ಬೆಂಗಳೂರು ಕಡೆಯವರು. ಕಾಕಾ ಗಲ್ಲಾ ಮುಂದೆ ನಿಂತು ಬಹಳ ಹೊತ್ತು ಯೋಚಿಸಿ "ಎರಡು ಬೆಂಗಳೂರಿಗೆ, ಒಂದು ಗೋವಾಕ್ಕೆ" ಅಂದರು. ಗೋವಾದವರು ಹಾಕಿಸಿದ್ದು ಲೋರ್ನಾ ಹಾಡಿದ, ಕ್ರಿಸ್ ಪೆರಿ ಸಂಗೀತದ ಹಳೆ ಕೊಂಕಣಿ ಹಾಡು. ಟ್ರಂಪೆಟ್ ಶುರುವಾದ ಕೂಡಲೇ ಮರಾಠಿ ಮನೆಯವರು, ಕನ್ನಡ ಮನೆಯವರು ಎಲ್ಲರೂ ತಾಳ ಹಾಕಿದರು. ಗೋವಾ ರೇಡಿಯೊ ಕೇಳಿ ಬೆಳೆದ ಊರು ನಮ್ಮದು, ಅದರಲ್ಲೇನು ಆಶ್ಚರ್ಯ?

ಬೆಂಗಳೂರಿನ ಪಾಲಿಗೆ ನಾನು ಕೇಳಿದ್ದು ರಘು ದೀಕ್ಷಿತ್ ಪ್ರಾಜೆಕ್ಟ್ ಹಾಡಿದ ಷರೀಫರ ತತ್ವಪದ, ಆ ಗುಡುಗುಡಿಯ ಹಾಡು. ಅವರ 2008ರ ಮೊದಲ ಆಲ್ಬಮ್ಮಿನದು. ಅಲ್ಲಿ ಹೊಸ ಜಗಳ. "ಷರೀಫರು ಶಿಶುನಾಳದವರು, ನಮ್ಮ ಕಡೆಯವರು. ಅದು ಬೆಂಗಳೂರಿನ ಹಾಡ ಹೆಂಗಾಗ್ತದ?" ಅಂತ ಗೋಕಾಕದವನು, ನಮ್ಮದೇ ಬೆಂಗಳೂರು ಬೆಂಚಿನವನು! ಬ್ಯಾಂಡು ಬೆಂಗಳೂರಿನದು ಅಂತ ನಾನು. ಪದ ನಮ್ಮದು, ಗಿಟಾರ್ ಅವರದು ಅಂತ ಇನ್ನೊಬ್ಬರು. ಹಾಡು ಹಾಕಿದರು, ಹಾಡಿನ ಮಧ್ಯೆಯೂ ವಾದ ನಿಲ್ಲಲಿಲ್ಲ.

ಅವನ ಮಾತಿನಲ್ಲಿ ಒಂದು ನೋವಿದೆ, ಅದನ್ನ ನಾನೂ ಬಲ್ಲೆ. ನಮ್ಮ ಕಡೆ ಹಾಡಿಗೆ ಬರವಿಲ್ಲ. ಗಣಪತಿ ಮೆರವಣಿಗೆಯ ಝಾಂಜ್ ಪಥಕ ಇದೆ, ಡೊಳ್ಳು ಇದೆ, ಬಾಗಲಕೋಟೆ ಕಡೆಯ ಕರಡಿ ಮಜಲು ಇದೆ. "ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು" ಇದೇ ಊರಲ್ಲಿ, 1924ರ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿ ಎದುರು ಹಾಡಿದ್ದು. ಆದರೆ ಹಾಡು ಹಾಕಿಸೋಕೆ ನಮ್ಮದೇ ಅನ್ನೋ ದೊಡ್ಡ ತಂಡ ಇಲ್ಲ. ಪಕ್ಕದ ರಾಜ್ಯಕ್ಕೋ ದೂರದ ರಾಜಧಾನಿಗೋ ಕೂಗಬೇಕು. ಕಾಕಾಗೆ ನನ್ನದೊಂದು ಬೇಡಿಕೆ ಇದೆ: ಊರಿನ ಶಾಲೆ, ಕಾಲೇಜು ಹುಡುಗರ ಟೂರ್ನಮೆಂಟ್ ನಡೆದ ದಿನ ಗೆದ್ದ ಹುಡುಗರನ್ನ ಕರೆಸಿ, ಅವರಿಗೂ ಮೂರು ಹಾಡು ಕೊಡಿ. ಝಾಂಜ್ ಕೇಳಿದರೆ ಝಾಂಜ್ ಹಾಕಿ. ಹಂಚು ಹಾರಿಹೋದರೂ ಪರವಾಗಿಲ್ಲ.

ಭಾಷೆ ವಿಷಯ ಕೇಳುವವರಿಗೆ: ಇಲ್ಲಿ ರೆಫ್ರಿಯನ್ನ ಕನ್ನಡ, ಮರಾಠಿ, ಕೊಂಕಣಿ, ಹಿಂದಿ ನಾಲ್ಕರಲ್ಲೂ ಬೈಯುತ್ತಾರೆ. ಆದರೆ ಯಾರ ತಾಯಿ ಭಾಷೆಗೂ ಯಾರೂ ಬೈಯೋ ಹಾಗಿಲ್ಲ. ನವೆಂಬರ್ 1ರ ಆಸುಪಾಸು ಊರು ಎಷ್ಟು ಬಿಗಿಯಾಗಿರುತ್ತೆ ಅಂತ ಇಲ್ಲಿಯವರಿಗೆ ಗೊತ್ತು. ಅಂಥ ದಿನವೇ ಒಬ್ಬ ಹದ್ದು ಮೀರಿ ಮಾತಾಡಿದ, ಕಾಕಾ ಅವನ ಚಹಾದ ದುಡ್ಡೂ ತಗೊಳ್ಳದೆ ಹೊರಗೆ ಕಳಿಸಿದರು. ಈ ಒಂದು ಕಾರಣಕ್ಕೇ ನಾನು ನನ್ನ ಗೆಳತಿಯನ್ನ ಕರಕೊಂಡು ನಿಶ್ಚಿಂತೆಯಿಂದ ಹೋಗುತ್ತೇನೆ. ಹೆಣ್ಮಕ್ಕಳು ಬರಬಹುದಾ ಅಂತ ಕೇಳಿದವರಿಗೆ ಉತ್ತರ, ಧಾರಾಳವಾಗಿ ಬನ್ನಿ. ಗಲ್ಲಾ ಪಕ್ಕದ ಬೆಂಚು ಸಾಮಾನ್ಯವಾಗಿ ನಮಗೇ ಬಿಟ್ಟಿರುತ್ತಾರೆ.

ತಿಂಡಿ. ಗಿರ್ಮಿಟ್‌ಗೆ ಪೂರ್ತಿ ಅಂಕ. ಹುಣಸೆಹುಳಿ, ಬೆಲ್ಲ, ಉಳ್ಳಾಗಡ್ಡಿ, ಹಸಿಮೆಣಸು ಹಾಕಿ ಕುದಿಸಿದ ಒಗ್ಗರಣೆಯನ್ನ ಆರ್ಡರ್ ಕೊಟ್ಟ ಮೇಲೇ ಚುರಮುರಿಗೆ ಕಲಸುತ್ತಾರೆ, ಮೇಲೆ ಪುಟಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ, ಸೇವು. ಬಾಯಿಗೆ ಇಟ್ಟಾಗ ಅರ್ಧ ಮೆತ್ತಗೆ, ಅರ್ಧ ಕುರುಂ ಅನ್ನಬೇಕು, ಅನ್ನುತ್ತೆ. ಆದರೆ ಹಾಫ್‌ಟೈಮ್‌ಗೆ ಒಗ್ಗರಣೆ ಖಾಲಿ. ಪ್ರತಿ ದೊಡ್ಡ ಮ್ಯಾಚಿಗೂ ಇದೇ ಕಥೆ, ಇದು ಸರಿಹೋಗಲೇಬೇಕು. ಗೋವಾ ಮ್ಯಾಚ್ ದಿನ ಮಾತ್ರ ರೋಸ್ ಆಮ್ಲೆಟ್ ಮಾಡುತ್ತಾರೆ, ಕೊಬ್ಬರಿ ಮಸಾಲೆಯ ಶಾಗುತಿ ಗ್ರೇವಿಯಲ್ಲಿ ಮುಳುಗಿದ ಆಮ್ಲೆಟ್, ಜೊತೆಗೆ ಪಾವ್. ಮಡಗಾಂವ್ ಹುಡುಗರೇ ಹೇಳಿಕೊಟ್ಟಿದ್ದಂತೆ. ರುಚಿ ಇದೆ, ಗ್ರೇವಿ ಸ್ವಲ್ಪ ತೆಳು. ಚಹಾ ಗಟ್ಟಿ, ಶುಂಠಿ ಜಾಸ್ತಿ, ನನಗೆ ಹಾಗೇ ಬೇಕು. ಬೆಲೆ ಜೇಬಿಗೆ ಭಾರ ಅಲ್ಲ, ಇಬ್ಬರು ಹೊಟ್ಟೆ ತುಂಬಾ ತಿಂದರೂ ಇನ್ನೂರು ದಾಟೋದು ಕಷ್ಟ.

ಸ್ಪೀಕರ್ ಬಗ್ಗೆ ಒಂದು ಮಾತು. ಗಣಪತಿ ಪೆಂಡಾಲ್‌ಗೆ ಇಡುವಂಥ ಎರಡು ದೊಡ್ಡ ಬಾಕ್ಸ್ ಇಟ್ಟಿದ್ದಾರೆ. ಹಾಡಿಗೆ ಬಹಳ ಚೆನ್ನಾಗಿವೆ. ಕಾಮೆಂಟರಿಗೆ ಬೇಸ್ ಜಾಸ್ತಿಯಾಗಿ ಮಾತು ಗುಂಯ್ ಅನ್ನುತ್ತೆ. ಮ್ಯಾಚ್ ನಡೆಯುವಾಗ ಬೇಸ್ ಇಳಿಸಿ, ಹಾಡಿಗೆ ಏರಿಸಿದರೆ ಸಾಕು, ಅಷ್ಟಕ್ಕೆ ಹೊಸ ಸಾಮಾನು ಬೇಡ.

ಹೋಗೋರಿಗೆ ಸಮಯದ ಲೆಕ್ಕ ಹೇಳಿಬಿಡುತ್ತೇನೆ. ಹೋಟೆಲ್ ಹನ್ನೊಂದಕ್ಕೆ ಮುಚ್ಚುತ್ತೆ. ಐಎಸ್ಎಲ್‌ನ ಏಳೂವರೆ ಮ್ಯಾಚಿಗೆ ತೊಂದರೆ ಇಲ್ಲ. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ ಮೂರಕ್ಕೆ ಶುರುವಾಗುವ ಮ್ಯಾಚ್ ನಮಗೆ ಏಳೂವರೆಗೆ, ಅಲ್ಲಿ ಚಳಿಗಾಲದ ಗಡಿಯಾರ ಬಂದ ಮೇಲೆ ಎಂಟೂವರೆಗೆ, ಎರಡೂ ಸಿಗುತ್ತೆ. ಚಾಂಪಿಯನ್ಸ್ ಲೀಗ್ ನಡುರಾತ್ರಿ ಆಟ, ಅದು ಮನೆಯಲ್ಲೇ. ಬೆಂಗಳೂರು-ಗೋವಾ ಇದ್ದರೆ ಒಂದು ಗಂಟೆ ಮೊದಲೇ ಹೋಗಿ, ಬಾಗಿಲ ಪಕ್ಕ ಕೂರಬೇಡಿ, ಕೂತ ಕೂಡಲೇ ಗಿರ್ಮಿಟ್ ಹೇಳಿಬಿಡಿ, ಫೋನಿನ ನೋಟಿಫಿಕೇಶನ್ ಬಂದ್ ಮಾಡಿ. ನಿಮ್ಮ ಮೂರು ಹಾಡು ಯಾವುದು, ಆ ಬ್ಯಾಂಡು ಯಾವ ಊರಿನದು ಅಂತ ಮನೆಯಲ್ಲೇ ಓದಿಕೊಂಡು ಬನ್ನಿ, ಅಲ್ಲಿ ಯಾರೂ ಸುಮ್ನೆ ಬಿಡೋದಿಲ್ಲ.